ಪಟ್ಟಿ ಬೇಡ, ಪೆಟ್ಟು ಸಾಕು!
ಹಳೇ ಜಾವಾ ಟ್ಯಾಂಕಿಗೆ ಮರುಜೀವ ಕೊಡುವ ತಗಡಿನ ಕೈಚಳಕ

ಬೇರಿಕೆ: ಬಾಗಲೂರು ಕಡೆಯಿಂದ ‘ಡುಬ್ ಡುಬ್’ ಸದ್ದು ಬಂದರೆ ಸಾಕು, ಟೀ ಅಂಗಡಿ ಮುಂದೆ ಕೂತ ಹಿರಿಯರ ಕತ್ತು ತಾನಾಗೇ ಆ ಕಡೆ ತಿರುಗುತ್ತದೆ. ‘ಜಾವಾ ಕಣಯ್ಯಾ!’ ಅನ್ನುವ ಮಾತು ಬಾಯಿಗೆ ಬರುವ ಮೊದಲೇ ಕಣ್ಣು ಬೀಳುವುದು ಫಳಫಳ ಹೊಳೆಯುವ ಪೆಟ್ರೋಲ್ ಟ್ಯಾಂಕಿನ ಮೇಲೆ. ಹಳೇ ಬೈಕಿನ ಹುಚ್ಚಿರುವವರು ಎಂಜಿನ್ ಸದ್ದಿಗೆ ಎಷ್ಟು ತಲೆದೂಗುತ್ತಾರೋ, ಆ ಟ್ಯಾಂಕನ್ನು ತಟ್ಟಿ ಸರಿಮಾಡಿದ ಕೈಗೂ ಅಷ್ಟೇ ತಲೆಬಾಗುತ್ತಾರೆ.

ಜಾವಾ ಮೂಲದಲ್ಲಿ ಜೆಕ್ ದೇಶದ ಬೈಕಾದರೂ ನಮ್ಮವರಿಗೆ ಅದು ಮೈಸೂರಿನದೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಯಿತು. ಎಪ್ಪತ್ತರ ದಶಕದಲ್ಲಿ ‘ಯೆಜ್ಡಿ’ ಎಂದು ಹೆಸರು ಬದಲಾಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ರಸ್ತೆಗೆ ಬಂದರೂ ಅವು ಹೊಸ ಎಂಜಿನ್ನಿನ ಹೊಸ ಗಾಡಿಗಳು. ಹಳೇ ಗಾಡಿ ಉಳಿಯಬೇಕಾದರೆ ಶಿವಾಜಿನಗರದ ಗುಜರಿಯನ್ನೋ ಮೇಸ್ತ್ರಿಯ ಸುತ್ತಿಗೆಯನ್ನೋ ನಂಬಬೇಕು.

ಮುಚ್ಚಿಡಲು ಆಗದ ಕೆಲಸ
ಕಾರಿನ ಬಾಗಿಲು ನೆಗ್ಗಿದರೆ ಒಂದಿಷ್ಟು ಪಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಮುಗೀತು. ಹಳೇ ಜಾವಾ ಟ್ಯಾಂಕಿನಲ್ಲಿ ಆ ಆಟ ನಡೆಯಲ್ಲ. ಅದರ ಎರಡೂ ಮಗ್ಗುಲಿಗೆ ಕ್ರೋಮ್ ಹೊಳಪು. ಪಟ್ಟಿಯ ಮೇಲೆ ಕ್ರೋಮ್ ಹಿಡಿಯುವುದಿಲ್ಲ. ನಿಕ್ಕಲ್ ಮೇಲೆ ಕೂರುವ ಕ್ರೋಮ್ ಪದರವೋ ತೀರಾ ತೆಳು. ಸುತ್ತಿಗೆಯ ಒಂದು ಗುರುತು ಉಳಿದರೂ ಕನ್ನಡಿಯಲ್ಲಿನ ಗೀರಿನಂತೆ ಎದ್ದು ಕಾಣುತ್ತದೆ. ಬರೀ ತಗಡೇ ನುಣುಪಾಗಬೇಕು.

ಕಷ್ಟ ಇನ್ನೂ ಇದೆ. ಟ್ಯಾಂಕು ಎಲ್ಲಾ ಕಡೆ ಮುಚ್ಚಿದ ಡಬ್ಬಿ, ಒಳಗೆ ಕೈ ಹೋಗಲ್ಲ. ಸಣ್ಣ ನೆಗ್ಗಾದರೆ ಅದರ ಮೇಲೆ ಕಡ್ಡಿ ಬೆಸೆದು ಹೊರಗೆಳೆಯುತ್ತಾರೆ. ದೊಡ್ಡದಾದರೆ ಅಡಿಭಾಗ ಕೊಯ್ದು, ಒಂದು ಕಡೆ ಕಬ್ಬಿಣದ ಡಾಲಿ ಒತ್ತಿಹಿಡಿದು ಇನ್ನೊಂದು ಕಡೆಯಿಂದ ಮೆಲ್ಲಗೆ ತಟ್ಟುತ್ತಾರೆ. ಜೋರಾಗಿ ಹೊಡೆದರೆ ತಗಡು ಹಿಗ್ಗಿ ಉಬ್ಬುತ್ತದೆ. ಆಗ ಉಬ್ಬಿದ ಜಾಗವನ್ನು ಗ್ಯಾಸಿನಿಂದ ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತಿದರೆ ತಗಡು ಕುಗ್ಗಿ ಜಾಗಕ್ಕೆ ಬರುತ್ತದೆ. ಎಷ್ಟು ಕಾಯಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಯಾವ ಪುಸ್ತಕವೂ ಹೇಳಿಕೊಡಲ್ಲ. ಕಣ್ಣು ಮುಚ್ಚಿ ಅಂಗೈ ಸವರಿದರೆ ಮೇಸ್ತ್ರಿಗೆ ತಿಳಿಯುತ್ತದೆ. ಕೊನೆಗೆ ಅಡಿಭಾಗ ಬೆಸೆದು, ಒಳಗೆ ಸ್ವಲ್ಪ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಬಳಿಯುತ್ತಾರೆ. ಗುಳ್ಳೆ ಬಂತೋ, ಅಲ್ಲಿ ಸೋರಿಕೆ!

ಖಾಲಿ ಟ್ಯಾಂಕೇ ಅಪಾಯ
ಪೆಟ್ರೋಲ್ ಸುರಿದು ಖಾಲಿ ಮಾಡಿದರೂ ಒಳಗೆ ಆವಿ ಉಳಿದಿರುತ್ತದೆ. ಬೆಂಕಿ ತಾಗಿದರೆ ಬಾಂಬಿನಂತೆ ಸಿಡಿಯುತ್ತದೆ. ಅದಕ್ಕೇ ಅನುಭವಸ್ಥರು ಟ್ಯಾಂಕನ್ನು ಹಲವು ಸಲ ಚೆನ್ನಾಗಿ ತೊಳೆದು, ಬೆಸೆಯುವ ಜಾಗದವರೆಗೂ ನೀರು ತುಂಬಿಯೇ ಗ್ಯಾಸ್ ಹಚ್ಚುತ್ತಾರೆ. ‘ಅರ್ಜೆಂಟ್ ಇದೆ, ಬೇಗ ಮಾಡಿಕೊಡಿ’ ಅನ್ನುವ ಗಿರಾಕಿ ಇದನ್ನು ನೆನಪಿಡಬೇಕು.

ಕಲಿಯುವವರು ಯಾರು?
ಬೆಂಗಳೂರಿನಲ್ಲಿ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ನಡೆಯುತ್ತದೆ. ನೂರಾರು ಗಾಡಿ ಸಾಲುಗಟ್ಟಿ ನಿಂತಿರುತ್ತವೆ. ಅಲ್ಲಿ ‘ಎಷ್ಟು ಕೊಟ್ಟೆ?’ ಅನ್ನುವ ಪ್ರಶ್ನೆಗಿಂತ ‘ಟ್ಯಾಂಕ್ ಯಾರ ಹತ್ರ ಮಾಡಿಸಿದೆ?’ ಅನ್ನುವ ಪ್ರಶ್ನೆಗೇ ಬೆಲೆ ಜಾಸ್ತಿ. ಒಳ್ಳೆ ಮೇಸ್ತ್ರಿಯ ವಿಳಾಸ ಬಾಯಿಂದ ಬಾಯಿಗೆ ಗಡಿ ದಾಟುತ್ತದೆ.

ಆದರೆ ಆ ವಿಳಾಸಗಳು ಕಡಿಮೆಯಾಗುತ್ತಿವೆ. ಟಿವಿಎಸ್, ಅಶೋಕ್ ಲೇಲ್ಯಾಂಡ್‌ನಂಥ ಕಾರ್ಖಾನೆಗಳಿರುವ ಹೊಸೂರಿನ ಮಗ್ಗುಲಲ್ಲೇ ನಾವಿದ್ದೇವೆ. ಇಲ್ಲಿನ ಹುಡುಗರು ತಿಂಗಳ ಸಂಬಳ ಸಿಗುವ ಕಡೆ ಹೋಗುವುದು ತಪ್ಪಲ್ಲ. ಹೊಗೆ, ಬಿಸಿ, ಕಿವಿಗಡಚಿಕ್ಕುವ ಸದ್ದಿನ ನಡುವೆ ವರ್ಷಗಟ್ಟಲೆ ಡಾಲಿ ಹಿಡಿದು ಕಲಿಯಲು ತಾಳ್ಮೆ ಬೇಕು, ಆ ತಾಳ್ಮೆಗೆ ತಕ್ಕ ಕೂಲಿಯೂ ಬೇಕು. ಮಾರುಕಟ್ಟೆಯಲ್ಲಿ ನಕಲಿ ಟ್ಯಾಂಕು ಸಿಗುತ್ತದೆ ನಿಜ. ಎಷ್ಟೋ ಸಲ ಅದು ಚಾಸಿಗೆ ಸರಿಯಾಗಿ ಕೂರಲ್ಲ. ಮೇಲಾಗಿ ಅಪ್ಪ, ತಾತ ಮೊಣಕಾಲೂರಿ ಓಡಿಸಿದ ಟ್ಯಾಂಕು ಅದಲ್ಲವಲ್ಲ!

ಮನೆಯ ಹಿತ್ತಲಲ್ಲಿ ತುಕ್ಕು ಹಿಡಿದ ಜಾವಾ ಬಿದ್ದಿದೆಯೇ? ಗುಜರಿಗೆ ತೂಕಕ್ಕೆ ಹಾಕುವ ಮುಂಚೆ ಒಬ್ಬ ಹಳೇ ಟಿಂಕರಿಂಗ್ ಮೇಸ್ತ್ರಿಗೆ ತೋರಿಸಿ. ಚೌಕಾಸಿ ಮಾತ್ರ ಸ್ವಲ್ಪ ಕಡಿಮೆ ಮಾಡಿ. ಆ ಕೂಲಿ ನೋಡಿಯೇ ನಾಳೆ ಇನ್ನೊಬ್ಬ ಹುಡುಗ ಸುತ್ತಿಗೆ ಹಿಡಿಯಬೇಕು.