ನಿಮ್ಮ ಮನೆಯಲ್ಲೂ ಒಬ್ಬಳು ಫಾತಿಮಾ ಇದ್ದಾಳೆಯೇ?

ಮನೆಯಲ್ಲಿ ಹೆಣ್ಣು ಮಗು ಹುಟ್ಟಿದೆ. ಏಳನೆಯ ದಿನದ ಅಕೀಕಾಕ್ಕೆ ಸಿದ್ಧತೆ ನಡೆದಿದೆ. ಹೆಸರಿನ ಚರ್ಚೆಯಂತೂ ಬಲು ಜೋರು. ಅಜ್ಜಿ ‘ಫಾತಿಮಾ ಎಂದಿಡಿ’ ಎನ್ನುತ್ತಾರೆ. ಮಗುವಿನ ಚಿಕ್ಕಮ್ಮಂದಿರಿಗೆ ಅದು ಹಿಡಿಸುವುದಿಲ್ಲ. ‘ಅದು ಹಳೇ ಹೆಸರು. ಶಾಲೆಗೆ ಹೋದರೆ ಒಂದೇ ಕ್ಲಾಸಿನಲ್ಲಿ ನಾಲ್ಕು ಮಂದಿ ಫಾತಿಮಾ ಇರುತ್ತಾರೆ’ ಎಂಬುದು ಅವರ ತಕರಾರು. ಕೊನೆಗೆ ಮೊಬೈಲಿನಲ್ಲಿ ಹುಡುಕಿ, ಯಾರಿಗೂ ಅರ್ಥ ಗೊತ್ತಿಲ್ಲದ ಹೊಸ ಹೆಸರೊಂದನ್ನು ಇಟ್ಟು ಎಲ್ಲರೂ ಸಮಾಧಾನಪಡುತ್ತಾರೆ.

ಸಹೋದರಿ, ಈ ದೃಶ್ಯ ನಿಮಗೂ ಹೊಸದಲ್ಲ. ಹೊಸ ಹೆಸರು ಇಡಬಾರದೆಂದೇನೂ ಇಲ್ಲ. ಆದರೆ ಬೇಡವೆನ್ನುವ ಮೊದಲು ಆ ಹಳೆಯ ಹೆಸರಿನೊಳಗೆ ಏನಿದೆಯೆಂದು ಒಮ್ಮೆ ತಿಳಿದುಕೊಳ್ಳೋಣವೇ?

ಅರಬಿಯಲ್ಲಿ ‘ಫತಮ’ ಎಂದರೆ ಮಗುವಿಗೆ ಎದೆಹಾಲು ಬಿಡಿಸುವುದು. ‘ಫಾತಿಮಾ’ ಎಂದರೆ ಹಾಲು ಬಿಡಿಸುವವಳು. ಇಷ್ಟೇನಾ ಎಂದು ನಿಮಗನಿಸಬಹುದು. ಆದರೆ ಹಾಲು ಬಿಡಿಸಿದ ತಾಯಿಗೆ ಇದರ ತೂಕ ಗೊತ್ತು. ರಾತ್ರಿಯೆಲ್ಲ ಮಗು ಅಳುತ್ತದೆ, ತಾಯಿಯ ಕರುಳು ಚುರುಕ್ಕೆನ್ನುತ್ತದೆ. ಆದರೂ ಅವಳು ಮನಸ್ಸು ಗಟ್ಟಿ ಮಾಡುತ್ತಾಳೆ. ಪ್ರೀತಿ ಕಡಿಮೆಯಾಗಿ ಅಲ್ಲ, ಮಗು ಅನ್ನ ಉಣ್ಣುವಂತಾಗಲಿ, ತನ್ನ ಕಾಲ ಮೇಲೆ ನಿಲ್ಲಲಿ ಎಂದು. ಕುರ್‌ಆನ್ ಈ ವಿಷಯವನ್ನೂ ಬಿಟ್ಟಿಲ್ಲ. ಎರಡು ವರ್ಷ ತುಂಬುವ ಮೊದಲೇ ಹಾಲು ಬಿಡಿಸುವುದಾದರೆ ತಂದೆ ತಾಯಿ ಇಬ್ಬರೂ ಸಮಾಲೋಚಿಸಿ, ಪರಸ್ಪರ ಒಪ್ಪಿ ಮಾಡಬಹುದೆಂದು ಅಲ್ ಬಕರಾ ಅಧ್ಯಾಯದ 233ನೇ ಸೂಕ್ತ ತಿಳಿಸುತ್ತದೆ. ಅಂದರೆ ಅಲ್ಲಿ ತಾಯಿಯ ಮಾತಿಗೂ ಸ್ಥಾನವಿದೆ.

ಈ ಹೆಸರು ಇಸ್ಲಾಮಿಗಿಂತ ಮೊದಲೇ ಮಕ್ಕಾದಲ್ಲಿ ಬಳಕೆಯಲ್ಲಿತ್ತು. ಪ್ರವಾದಿವರ್ಯರನ್ನು(ಸ) ಬಾಲ್ಯದಲ್ಲಿ ಸಾಕಿ ಸಲಹಿದ, ಹ. ಅಲೀ(ರ)ಯವರ ತಾಯಿ ಫಾತಿಮಾ ಬಿಂತ್ ಅಸದ್. ಹ. ಉಮರ್(ರ) ಸಿಟ್ಟಿನಿಂದ ನುಗ್ಗಿದಾಗ ಅಂಜದೆ ತನ್ನ ವಿಶ್ವಾಸಕ್ಕೆ ಅಂಟಿನಿಂತ ಅವರ ಸಹೋದರಿ ಫಾತಿಮಾ ಬಿಂತ್ ಖತ್ತಾಬ್. ಒಮ್ಮೆ ಪ್ರವಾದಿವರ್ಯರು(ಸ) ಹ. ಅಲೀಯವರಿಗೆ(ರ) ಒಂದು ರೇಷ್ಮೆ ಬಟ್ಟೆಯನ್ನು ಕೊಟ್ಟು, ಅದನ್ನು ಕತ್ತರಿಸಿ ಫಾತಿಮಾಗಳಿಗೆಲ್ಲ ತಲೆವಸ್ತ್ರವಾಗಿ ಹಂಚಲು ಹೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ನೋಡಿ, ಒಂದೇ ಕಡೆ ನಾಲ್ಕು ಮಂದಿ ಫಾತಿಮಾ ಇರುವುದು ಇಂದಿನ ಕಥೆಯಲ್ಲ!

ಆದರೆ ಈ ಹೆಸರನ್ನು ಲೋಕದ ಮನೆಮನೆಗೂ ತಲುಪಿಸಿದವರು ಪ್ರವಾದಿಪುತ್ರಿ ಹ. ಫಾತಿಮಾ(ರ). ಅವರಿಗೆ ‘ಝಹ್ರಾ’, ಅಂದರೆ ಪ್ರಕಾಶಮಾನಳು ಎಂಬ ಬಿರುದು. ಅವರ ಬದುಕು ಅರಮನೆಯ ಬದುಕಾಗಿರಲಿಲ್ಲ. ಬೀಸುಕಲ್ಲು ತಿರುಗಿಸಿ ಅವರ ಕೈಗಳು ನೋಯುತ್ತಿದ್ದವು. ಕೆಲಸಕ್ಕೆ ಒಬ್ಬರು ಆಳು ಸಿಗಬಹುದೇ ಎಂದು ಕೇಳಲು ತಂದೆಯ ಮನೆಗೆ ಹೋದರು. ತಂದೆ ಮನೆಯಲ್ಲಿರಲಿಲ್ಲ. ವಿಷಯ ತಿಳಿದ ಪ್ರವಾದಿವರ್ಯರು(ಸ) ರಾತ್ರಿ ತಾವೇ ಮಗಳ ಮನೆಗೆ ಬಂದು ಮಗಳು ಅಳಿಯನ ನಡುವೆ ಕುಳಿತರು. ಮಲಗುವ ಮುನ್ನ ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34 ಬಾರಿ ಹೇಳಲು ಕಲಿಸಿದರು. ಇಂದಿಗೂ ಜನರು ಅದನ್ನು ‘ತಸ್ಬೀಹೆ ಫಾತಿಮಾ’ ಎನ್ನುತ್ತಾರೆ. ದುಡಿದು ದಣಿದ ಗೃಹಿಣಿಯೊಬ್ಬರ ಹೆಸರು ಹೀಗೆ ಪ್ರತಿರಾತ್ರಿಯ ಪ್ರಾರ್ಥನೆಗೆ ಸೇರಿಕೊಂಡಿತು.

ಇನ್ನೊಂದು ವರದಿಯನ್ನು ನಾವೆಲ್ಲ ನೆನಪಿಡಬೇಕು. ಮಗಳು ಬಂದಾಗ ಪ್ರವಾದಿವರ್ಯರು(ಸ) ಎದ್ದು ನಿಂತು ಸ್ವಾಗತಿಸುತ್ತಿದ್ದರು, ಮುತ್ತಿಡುತ್ತಿದ್ದರು, ತಾವು ಕುಳಿತಿದ್ದ ಜಾಗದಲ್ಲೇ ಅವರನ್ನು ಕುಳ್ಳಿರಿಸುತ್ತಿದ್ದರು. ಹೆಣ್ಣು ಹುಟ್ಟಿತೆಂದರೆ ಮುಖ ಕಪ್ಪಿಡುತ್ತಿದ್ದ ಸಮಾಜದಲ್ಲಿ ಇದು ನಡೆಯಿತು ಎಂಬುದನ್ನು ಗಮನಿಸಿ.

ಮುಂದೆ ಈ ಹೆಸರು ದೇಶದೇಶ ಸುತ್ತಿತು. ತುರ್ಕಿಯಲ್ಲಿ ಫಾತ್ಮಾ ಆಯಿತು, ಸೋಮಾಲಿಯಾದಲ್ಲಿ ಫಾದುಮೊ, ಪಶ್ಚಿಮ ಆಫ್ರಿಕಾದಲ್ಲಿ ಫಾತು. ಕೇರಳದಲ್ಲಿ ಪಾತುಮ್ಮ ಆಗಿ, 1959ರಲ್ಲಿ ಬಷೀರರ ‘ಪಾತುಮ್ಮಾಯುಡೆ ಆಡು’ ಕೃತಿಯ ಹೆಸರಿನಲ್ಲೇ ಸೇರಿತು. ನಮ್ಮ ಕರಾವಳಿಯ ಶಾಲಾ ಹಾಜರಿ ಪುಸ್ತಕ ತೆರೆದರೆ ಹೆಣ್ಣು ಮಕ್ಕಳ ಹೆಸರಿನ ಮುಂದೆ ‘ಫಾತಿಮತ್’ ಕಾಣುತ್ತದೆ. ಈ ‘ತ್’ ಎಲ್ಲಿಂದ ಬಂತು? ಅರಬಿಯಲ್ಲಿ ಈ ಹೆಸರಿನ ಕೊನೆಯ ಅಕ್ಷರವನ್ನು ಮುಂದಿನ ಪದದೊಂದಿಗೆ ಕೂಡಿಸಿ ಓದುವಾಗ ‘ತ’ ಎಂದು ಉಚ್ಚರಿಸುತ್ತಾರೆ. ಹಾಗಾಗಿಯೇ ‘ಫಾತಿಮತುಝ್ಝಹ್ರಾ’.

ಈ ಹೆಸರಿನವರು ಮಾಡಿದ ಕೆಲಸಗಳೂ ಕಡಿಮೆಯಲ್ಲ. ಕೈರವಾನ್‌ನಿಂದ ಮೊರೊಕ್ಕೊದ ಫೆಝ್ ನಗರಕ್ಕೆ ವಲಸೆ ಬಂದ ಫಾತಿಮಾ ಅಲ್ ಫಿಹ್ರಿ, ಪಿತ್ರಾರ್ಜಿತ ಸಂಪತ್ತನ್ನು ವ್ಯಯಿಸಿ 859ರಲ್ಲಿ ಖರವಿಯ್ಯೀನ್ ಮಸೀದಿಯನ್ನು ಕಟ್ಟಿಸಿದರೆಂದು ಪರಂಪರೆ ಹೇಳುತ್ತದೆ. ಅದು ಬೆಳೆದು ದೊಡ್ಡ ವಿದ್ಯಾಕೇಂದ್ರವಾಯಿತು. ನಮ್ಮ ದೇಶದಲ್ಲಿ, ಕೇರಳದ ಪತ್ತನಂತಿಟ್ಟದಲ್ಲಿ 1927ರಲ್ಲಿ ಹುಟ್ಟಿದ ಫಾತಿಮಾ ಬೀವಿಯವರಿಗೆ ಕಾನೂನು ಕಲಿಯಲು ಪ್ರೋತ್ಸಾಹ ನೀಡಿದವರು ಅವರ ತಂದೆ. ಅವರು 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆಯಾದರು. ಬಳಿಕ ತಮಿಳುನಾಡಿನ ರಾಜ್ಯಪಾಲೆಯಾಗಿಯೂ ಸೇವೆ ಸಲ್ಲಿಸಿ 2023ರಲ್ಲಿ ನಿಧನರಾದರು.

ಈಗ ಹೇಳಿ ಸಹೋದರಿ, ಇದು ಹಳೆಯ ಹೆಸರೇ?

ಕೊನೆಗೊಂದು ಮಾತು. ನಾವು ಹೆಸರನ್ನೇನೋ ಅಭಿಮಾನದಿಂದ ಇಡುತ್ತೇವೆ. ಆದರೆ ಆ ಹೆಸರಿನ ಮಗಳಿಗೆ ಆ ತಂದೆ ಕೊಟ್ಟ ಸ್ಥಾನವನ್ನು ಕೊಡುತ್ತೇವೆಯೇ? ಊಟದ ಸುಪ್ರದಲ್ಲಿ ಮೀನಿನ ದೊಡ್ಡ ತುಂಡು ಯಾರ ಬಟ್ಟಲಿಗೆ ಹೋಗುತ್ತದೆ? ಹತ್ತನೇ ತರಗತಿ ಮುಗಿದಾಗ ‘ಇನ್ನು ಸಾಕು’ ಎಂಬ ಮಾತು ಯಾರಿಗೆ ಬರುತ್ತದೆ? ಮದುವೆಯ ವಿಷಯದಲ್ಲಿ ಅವಳ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದಾರೆಯೇ? ನಿಮ್ಮ ಮಗಳ ಹೆಸರು ಯಾವುದೇ ಇರಲಿ, ಇಂದು ಸಂಜೆ ಅವಳು ಶಾಲೆಯಿಂದ ಬಂದಾಗ ಒಂದು ಕ್ಷಣ ಕೈಯ ಕೆಲಸ ಬಿಟ್ಟು ಎದ್ದು ನಿಲ್ಲಿ. ಅವಳನ್ನು ಪಕ್ಕದಲ್ಲಿ ಕುಳ್ಳಿರಿಸಿ ಮಾತನಾಡಿಸಿ. ಅವಳ ತಂದೆಗೂ ಇದನ್ನು ಹೇಳಿ.