ಕಪ್ಪು ಬಿಯರಿಗೆ ಬಿಳಿಜೋಳ

1988ರಲ್ಲಿ ನೈಜೀರಿಯಾ ಸರ್ಕಾರ ಬಾರ್ಲಿ ಮಾಲ್ಟಿನ ಆಮದನ್ನು ನಿಲ್ಲಿಸಿತು. ಅಲ್ಲಿನ ಬಿಯರ್ ಕಾರ್ಖಾನೆಗಳು ಒಂದೋ ಬಾಗಿಲು ಹಾಕಬೇಕಿತ್ತು, ಇಲ್ಲವೇ ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಜೋಳಕ್ಕೆ ಒಗ್ಗಿಕೊಳ್ಳಬೇಕಿತ್ತು. ಅವು ಜೋಳಕ್ಕೆ ಒಗ್ಗಿಕೊಂಡವು. ಐರ್ಲೆಂಡ್ ಮೂಲದ ಗಿನ್ನೆಸ್ ಕಂಪನಿಯ ಗಡುಸಾದ ಕಪ್ಪು ಬಿಯರ್, ಅಂದರೆ ಸ್ಟೌಟ್, ಕೂಡ ಅಲ್ಲಿ ಜೋಳದಿಂದ ತಯಾರಾಗತೊಡಗಿತು. ಮುಂದೆ ನಿಷೇಧ ತೆರವಾಯಿತು, ಆದರೂ ಜೋಳ ಅಲ್ಲಿಯೇ ಉಳಿದುಕೊಂಡಿತು.

ಕೊಪ್ಪಳ ಜಿಲ್ಲೆಯವರು ಗಮನಿಸಬೇಕಾದ ಸಂಗತಿ ಇದು. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತದೆ. ಅಕ್ಕಿಯ ನುಚ್ಚನ್ನು ನಮ್ಮ ದೇಶದ ತಿಳಿಬಣ್ಣದ ಬಿಯರುಗಳಲ್ಲಿ ಬಹುಕಾಲದಿಂದ ಬಳಸುತ್ತಿದ್ದಾರೆ. ಯಲಬುರ್ಗಾ, ಕುಷ್ಟಗಿಯ ಒಣಬೇಸಾಯದ ಹೊಲಗಳದು ಜೋಳ, ಸಜ್ಜೆಯ ಬಾಳು. ರೊಟ್ಟಿಯಾಗುವ ಈ ಜೋಳದೊಳಗೆ ಏನೇನು ಸಾಮರ್ಥ್ಯ ಅಡಗಿದೆ ಎಂದು ತಿಳಿಯಲು, ಕಾಫಿ ಮತ್ತು ವಿಸ್ಕಿಯ ಪರಿಮಳ ಬೆರೆತ ಸ್ಟೌಟಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಒಂದು ಮಾತು ಮೊದಲೇ ಹೇಳಬೇಕು. ಬ್ರಿಟನ್ನಿನಲ್ಲಿ 1963ರಿಂದ ಪರವಾನಗಿಯಿಲ್ಲದೆಯೇ ಮನೆಯಲ್ಲಿ ಬಿಯರ್ ಮಾಡಿಕೊಳ್ಳಬಹುದು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದಕ್ಕೆ ದಾರಿ ಮಾಡಿತು. ನಮ್ಮಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಗಳು ನಡೆಯುವುದೂ ಪರವಾನಗಿಯ ಮೇಲೆಯೇ.

ಮೊಳಕೆಯ ಕೆಲಸ

ಕಾಳಿನ ತುಂಬ ಇರುವುದು ಪಿಷ್ಟ. ಯೀಸ್ಟ್ ಪಿಷ್ಟವನ್ನು ತಿನ್ನಲಾರದು, ಅದಕ್ಕೆ ಸಕ್ಕರೆ ಬೇಕು. ನೆನೆದ ಕಾಳು ಮೊಳಕೆಯೊಡೆಯುವಾಗ ಎಳೆ ಸಸಿಯ ಊಟಕ್ಕೆಂದು ಕಿಣ್ವಗಳು ಹುಟ್ಟುತ್ತವೆ, ಪಿಷ್ಟವನ್ನು ಒಡೆಯಲು ಸಿದ್ಧವಾಗುತ್ತವೆ. ಆ ಹಂತದಲ್ಲಿ ಕಾಳನ್ನು ಹದವಾಗಿ ಒಣಗಿಸಿದರೆ ಅದೇ ಮಾಲ್ಟ್. ಮಾಲ್ಟನ್ನು ತರಿತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ.

ಬಾರ್ಲಿಗೆ ಇದು ಸಲೀಸು. ಜೋಳಕ್ಕೆ ಅಷ್ಟು ಸಲೀಸಲ್ಲ. ಪಿಷ್ಟದ ಕಣಗಳು ಮೊದಲು ನೀರು ಕುಡಿದು ಉಬ್ಬಿ ಬಿಚ್ಚಿಕೊಳ್ಳಬೇಕು, ಆಮೇಲಷ್ಟೇ ಕಿಣ್ವಗಳಿಗೆ ಒಳಗೆ ದಾರಿ. ಬಾರ್ಲಿಯ ಪಿಷ್ಟ 60 ಡಿಗ್ರಿಯ ಆಸುಪಾಸಿನಲ್ಲೇ ಬಿಚ್ಚಿಕೊಂಡರೆ, ಜೋಳದ್ದಕ್ಕೆ 70 ಡಿಗ್ರಿಗೂ ಮೇಲಿನ ಕಾವು ಬೇಕು. ಆ ಕಾವಿಗೆ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಕತ್ತರಿಸುವ ಬೀಟಾ-ಅಮೈಲೇಸ್ ಎಂಬ ಕಿಣ್ವ ಸತ್ತುಹೋಗುತ್ತದೆ. ಜೋಳದ ಮಾಲ್ಟಿನಲ್ಲಿ ಅದು ಇರುವುದೇ ಕಡಿಮೆ. ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮಾಲ್ಟನ್ನು ಮೊದಲು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಕಿಣ್ವ ತುಂಬಿದ ತಿಳಿಯನ್ನು ಬಸಿದು ಬೇರೆ ಇಡುತ್ತಾರೆ. ಉಳಿದ ಗಸಿಯನ್ನು ಚೆನ್ನಾಗಿ ಬೇಯಿಸಿ, ಆರಿಸಿ, ಬಸಿದಿಟ್ಟ ತಿಳಿಯನ್ನು ಮತ್ತೆ ಕೂಡಿಸುತ್ತಾರೆ. ನೈಜೀರಿಯಾದ ಕಾರ್ಖಾನೆಗಳಾದರೋ ಬೇಕಾದ ಕಿಣ್ವವನ್ನು ಹೊರಗಿನಿಂದ ಕೊಂಡು ಸೇರಿಸಿದವು.

ಇನ್ನೊಂದು ಸಂಗತಿ ಬಿಯರಿಗಿಂತ ನಮ್ಮ ಅಡುಗೆಮನೆಗೇ ಹೆಚ್ಚು ಮುಖ್ಯ. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳದ ಪೈರು ಮೇಯ್ದರೆ ದನ ಸಾಯುತ್ತದೆಂದು ರೈತರಿಗೆ ಗೊತ್ತು. ಅದಕ್ಕೆ ಕಾರಣ ಧುರಿನ್ ಎಂಬ ವಸ್ತು. ಅದು ಒಡೆದಾಗ ಸೈನೈಡ್ ವಿಷ ಬಿಡುಗಡೆಯಾಗುತ್ತದೆ. ಜೋಳದ ಕಾಳು ಮೊಳೆತಾಗ ಅದರ ಮೊಳಕೆ, ಬೇರುಗಳಲ್ಲಿಯೂ ಧುರಿನ್ ಸೇರಿಕೊಳ್ಳುತ್ತದೆ. ಆದ್ದರಿಂದ ಜೋಳದ ಮಾಲ್ಟನ್ನು ಚೆನ್ನಾಗಿ ಒಣಗಿಸಿ, ಮೊಳಕೆ ಮತ್ತು ಬೇರನ್ನು ಉಜ್ಜಿ, ತೂರಿ ತೆಗೆಯಲೇಬೇಕು. ಹೆಸರುಕಾಳಿನ ಹಾಗೆ ಮೊಳಕೆ ಜೋಳವನ್ನು ಹಸಿಯಾಗಿ ತಿನ್ನಬಾರದು.

ಕಪ್ಪು ಬಣ್ಣ ಬರುವುದೆಲ್ಲಿಂದ

ಸ್ಟೌಟಿನ ಅಷ್ಟೂ ಕಾಳನ್ನು ಸುಟ್ಟಂತೆ ಹುರಿಯಬೇಕಿಲ್ಲ. ನೂರು ಪಾಲಿನಲ್ಲಿ ಹತ್ತು ಪಾಲು ಹುರಿದರೆ ಸಾಕು, ಇಡೀ ಪಾನೀಯ ಕಪ್ಪಾಗುತ್ತದೆ. 1817ರಲ್ಲಿ ಲಂಡನ್ನಿನ ಡೇನಿಯಲ್ ವೀಲರ್ ಎಂಬಾತ ಉರುಳೆಯಲ್ಲಿ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಇದು ಸಾಧ್ಯವಾಯಿತು. ಹುರಿಯುವ ಕಾವಿಗೆ ಕಾಳಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ನೂರಾರು ಹೊಸ ವಸ್ತುಗಳು ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ ಅವರ ಹೆಸರಿನಲ್ಲೇ ಈ ಕ್ರಿಯೆಯನ್ನು ಗುರುತಿಸುತ್ತಾರೆ. ಹಂಚಿನ ಮೇಲೆ ರೊಟ್ಟಿಯ ಚುಕ್ಕೆಗಳು ಕಂದಾಗುವುದೂ ಇದರಿಂದಲೇ. ಆದರೆ ಹುರಿದ ಕಾಳಿನಲ್ಲಿ ಕಿಣ್ವ ಉಳಿಯುವುದಿಲ್ಲ. ಹಾಗಾಗಿ ಸಕ್ಕರೆ ಬರುವುದು ಬಿಳಿ ಮಾಲ್ಟಿನಿಂದ, ಬಣ್ಣ ಮತ್ತು ಕಹಿ ಕಪ್ಪು ಮಾಲ್ಟಿನಿಂದ.

ಯೀಸ್ಟ್ ಮತ್ತು ನಮ್ಮ ಬಿಸಿಲು

ಮಾಲ್ಟಿನಿಂದ ಬಸಿದ ಸಿಹಿನೀರನ್ನು ಹಾಪ್ಸ್ ಹೂವಿನೊಂದಿಗೆ ಒಂದು ಗಂಟೆ ಕುದಿಸುತ್ತಾರೆ. ನೆನೆಸಿಟ್ಟ ಜೋಳದ ಹಿಟ್ಟನ್ನು ರಾತ್ರಿ ಕಳೆಯುವಷ್ಟರಲ್ಲಿ ಹುಳಿಯಾಗಿಸಿ ಅಂಬಲಿಗೆ ರುಚಿ ಕೊಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬಿಯರಿಗೆ ಶತ್ರುಗಳು. ಕುದಿತ ಅವನ್ನು ಕೊಲ್ಲುತ್ತದೆ, ಹಾಪ್ಸಿನ ಕಹಿ ಮತ್ತೆ ಬೆಳೆಯದಂತೆ ತಡೆಯುತ್ತದೆ. ಆರಿದ ಮೇಲೆ ಯೀಸ್ಟ್ ಬಿಡುತ್ತಾರೆ. ಅದು ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆರಂಭದಲ್ಲಿ ನೀರಿಗೆ ಹೋಲಿಸಿದ ಸಾಂದ್ರತೆ 1.090 ಇದ್ದು, ಕೊನೆಗೆ 1.022ಕ್ಕೆ ಇಳಿದರೆ ಆಲ್ಕೊಹಾಲ್ ಸುಮಾರು ಶೇ 9. ಇದು ಸಾಮಾನ್ಯ ಬಿಯರಿನ ಹೆಚ್ಚುಕಡಿಮೆ ಎರಡರಷ್ಟು.

ಇಂಥ ಸ್ಟೌಟಿಗೆ ಬಳಸುವ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ತಂಪು ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಯೀಸ್ಟ್ ಅವಸರಕ್ಕೆ ಬಿದ್ದು ಘಾಟು ಹೊಡೆಯುವ ಭಾರದ ಆಲ್ಕೊಹಾಲುಗಳನ್ನು ಹುಟ್ಟಿಸುತ್ತದೆ.

ಕಾಫಿ ಮತ್ತು ವಿಸ್ಕಿ

ಹುರಿದ ಕಾಫಿ ಬೀಜದಲ್ಲಿಯೂ ಹುರಿದ ಮಾಲ್ಟಿನಲ್ಲಿಯೂ ಪೈರಜೀನ್ ಎಂಬ ಒಂದೇ ಕುಲದ ಪರಿಮಳ ವಸ್ತುಗಳಿವೆ. ಅವೆರಡೂ ಅಷ್ಟು ಚೆನ್ನಾಗಿ ಬೆರೆಯುವುದು ಇದರಿಂದಲೇ. ಹುದುಗು ಮುಗಿದ ಮೇಲೆ, ತಣ್ಣೀರಿನಲ್ಲಿ ಇಡೀ ರಾತ್ರಿ ನೆನೆಸಿದ ಕಾಫಿಯ ತಿಳಿಯನ್ನು ಸೇರಿಸುತ್ತಾರೆ. ಬಿಸಿನೀರು ಹೆಚ್ಚು ಕಹಿಯನ್ನೂ ಹುಳಿಯನ್ನೂ ಎಳೆದುಕೊಂಡು ಬರುತ್ತದೆ.

ವಿಸ್ಕಿಯ ಪರಿಮಳದ ಬಹುಪಾಲು ಬರುವುದು ಓಕ್ ಮರದ ಪೀಪಾಯಿಯಿಂದ. ಒಳಗೋಡೆಯನ್ನು ಸುಟ್ಟಾಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ಪೀಪಾಯಿ ಇಲ್ಲದವರು ಓಕ್ ಚಕ್ಕೆಗಳನ್ನು ವಿಸ್ಕಿಯಲ್ಲಿ ನೆನೆಸಿ ಬಿಯರಿಗೆ ಹಾಕುತ್ತಾರೆ. 20 ಲೀಟರ್ ಬಿಯರಿಗೆ ಶೇ 42.8ರ ವಿಸ್ಕಿ 400 ಮಿಲಿಲೀಟರ್ ಬಿದ್ದರೆ ಅದರಿಂದ ಬರುವ ಆಲ್ಕೊಹಾಲ್ ಶೇ 0.8 ಮಾತ್ರ, ಪರಿಮಳ ಮಾತ್ರ ಧಾರಾಳ. ಪೀಪಾಯಿಯ ಮೇಲೆ ಹವೆಯ ಪ್ರಭಾವ ಎಷ್ಟೆಂದು ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಅನುಭವ ಹೇಳುತ್ತದೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ 2ರಷ್ಟು ವಿಸ್ಕಿ ಆವಿಯಾದರೆ, ಇಲ್ಲಿ ಶೇ 10ಕ್ಕೂ ಹೆಚ್ಚು ಹಾರಿಹೋಗುತ್ತದೆ. ವಿಸ್ಕಿ ಪಕ್ವವಾಗುವುದೂ ಅಷ್ಟೇ ಬೇಗ. 2004ರಲ್ಲಿ ಗ್ಲಾಸ್ಗೋದಲ್ಲಿ ಮಾರಾಟಕ್ಕೆ ಬಂದ ಅಮೃತ್ ಸಿಂಗಲ್ ಮಾಲ್ಟ್ ಜಗತ್ತಿನ ಗಮನ ಸೆಳೆಯಿತು.

ಆರೋಗ್ಯದ ಮಾತನ್ನೂ ಸೇರಿಸಿಯೇ ಹೇಳಬೇಕು. ಮದ್ಯಪಾನದಲ್ಲಿ ಸುರಕ್ಷಿತ ಪ್ರಮಾಣ ಎಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಕಾಫಿಯ ಕೆಫೀನ್ ಅಮಲಿನ ಮಂಪರನ್ನು ಮರೆಮಾಚಬಲ್ಲದು, ಅಮಲನ್ನು ಇಳಿಸಲಾರದು.

ಜೋಳಕ್ಕೆ ಸಿಗಬೇಕಾದದ್ದು

ಜೋಳದ ತಳಿಗಳನ್ನು ನಾವು ಈವರೆಗೆ ಆರಿಸಿಕೊಂಡು ಬಂದದ್ದು ಹೆಚ್ಚಾಗಿ ಇಳುವರಿ, ರೊಟ್ಟಿಯ ಗುಣ ಮತ್ತು ಮೇವಿನ ಲೆಕ್ಕದಲ್ಲಿ. ಯಾವ ತಳಿ ಸಮನಾಗಿ ಮೊಳೆಯುತ್ತದೆ, ಯಾವುದರಲ್ಲಿ ಬೀಟಾ-ಅಮೈಲೇಸ್ ಹೆಚ್ಚು, ಯಾವುದರ ಮೊಳಕೆಯಲ್ಲಿ ಧುರಿನ್ ಕಡಿಮೆ ಎಂದೂ ಅಳೆಯಬೇಕು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನೆಯ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ರಾಗಿ ಮಾಲ್ಟಿನ ಮೇಲೆ ನಡೆದ ಕೆಲಸ ಮಕ್ಕಳ ಆಹಾರಕ್ಕೆ ನೆರವಾಗಿದೆ. ರಾಯಚೂರು, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ನಮ್ಮ ಹಿಂಗಾರಿ ಜೋಳಕ್ಕೂ ಅಂಥ ಗಮನ ಕೊಡಲಿ. ಮಾಲ್ಟಿಗೆ ಮದ್ಯವೊಂದೇ ಗುರಿಯಲ್ಲ. ಕೂಸುಗಳ ಗಂಜಿಗೆ, ಬಿಸ್ಕತ್ತಿಗೆ, ಪರವಾನಗಿ ಪಡೆದ ಬ್ರೂವರಿಗಳಿಗೆ, ಎಲ್ಲಕ್ಕೂ ಒಂದೇ ಮೂಲವಸ್ತು ಅದು. ಒಂದು ಚೀಲ ಜೋಳವನ್ನು ಹಾಗೆಯೇ ಮಾರುವ ರೈತನಿಗಿಂತ, ತನ್ನೂರಲ್ಲೇ ಶುದ್ಧವಾಗಿ ಮೊಳಕೆ ಕಟ್ಟಿ, ಪರೀಕ್ಷಿಸಿ ಮಾರುವ ರೈತ ಸಂಘಕ್ಕೆ ಹೆಚ್ಚಿನ ಬೆಲೆ ದಕ್ಕಬೇಕು. ಅದಕ್ಕೆ ಬೇಕಾದ ವಿಜ್ಞಾನ ಈಗಾಗಲೇ ನಮ್ಮ ಕೈಯಲ್ಲಿದೆ. ಯಲಬುರ್ಗಾದಲ್ಲೋ ಕುಷ್ಟಗಿಯಲ್ಲೋ ಮಾಲ್ಟ್ ಮಾಡುವ ಒಂದು ಘಟಕ ಎದ್ದರೆ ಆ ವಿಜ್ಞಾನ ಕೆಲಸಕ್ಕೆ ಬರುತ್ತದೆ.