ಬರೆಯಲಾಗದ ಗಣಕಯಂತ್ರ

ಅರಸರು ತಮ್ಮ ದಾನಗಳನ್ನು ಕಲ್ಲಿನಲ್ಲಿ ಕೊರೆಯಿಸಿದರು. ದಿನದಿನದ ಲೆಕ್ಕಪತ್ರಗಳನ್ನು ಹಿಂದಿನವರು ಕಡತದಲ್ಲಿ ಬರೆದರು. ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಳಿದ ಮಡಿಕೆಯ ಬಟ್ಟೆಯೇ ಕಡತ. ಅದರ ಮೇಲೆ ಬಳಪದಿಂದ ಬರೆಯಬಹುದು, ಬೇಡವಾದಾಗ ಅಳಿಸಬಹುದು. ಗಣಕಯಂತ್ರವು ಹೆಸರಿಟ್ಟು ಕಾಪಾಡುವ ಬರಹಗಳಿಗೂ ನಾವಿಂದು ಇದೇ ‘ಕಡತ’ವೆಂಬ ಹೆಸರನ್ನು ಕೊಟ್ಟಿದ್ದೇವೆ. ಆ ಕಡತಗಳೆಲ್ಲವೂ ಶಿಲಾಶಾಸನಗಳಾಗಿಬಿಟ್ಟರೆ ಯಂತ್ರದ ಗತಿಯೇನು?

ಹಾಗೆ ಮಾಡುವ ಅಗತ್ಯವೇನೆಂದು ಕೇಳುವುದು ಸಹಜ. 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನೇ ತೆಗೆದುಕೊಳ್ಳೋಣ. ಮಳೆಯನ್ನೂ ಉಷ್ಣತೆಯನ್ನೂ ಅಳೆದು ದಾಖಲಿಸುವಂಥ ಕೆಲಸಗಳಿಗೆ ಇದು ಅನುಕೂಲವಾದುದು. ಇದರ ಕಡತಗಳು ಸಾಮಾನ್ಯವಾಗಿ ಉಗುರಿನಗಲದ ಎಸ್‌ಡಿ ಕಾರ್ಡಿನಲ್ಲಿರುತ್ತವೆ. ಕಾರ್ಡಿನೊಳಗಿನ ಫ್ಲ್ಯಾಶ್ ಸ್ಮೃತಿಯಲ್ಲಿ ಬರೆದುದರ ಮೇಲೆಯೇ ಮತ್ತೆ ಬರೆಯಲು ಬಾರದು. ಒಂದಿಡೀ ಖಂಡವನ್ನು ಒಟ್ಟಿಗೆ ಅಳಿಸಬೇಕು. ಎಷ್ಟು ಸಲ ಅಳಿಸಬಹುದೆಂಬುದಕ್ಕೂ ಮಿತಿಯುಂಟು. ಬರೆಯುತ್ತಿರುವಾಗಲೇ ವಿದ್ಯುತ್ತು ನಿಂತರೆ ಕಡತವ್ಯವಸ್ಥೆಯೇ ಕೆಟ್ಟು, ಯಂತ್ರವು ಮತ್ತೆ ಏಳದೆಯೂ ಹೋದೀತು. ಆದುದರಿಂದಲೇ ಮೂಲ ಕಡತವ್ಯವಸ್ಥೆಗೆ ‘ಓದಲು ಮಾತ್ರ’ ಎಂಬ ಕಟ್ಟನ್ನು ಹಾಕುವುದುಂಟು.

ಗುಂಡಿಯನ್ನೊತ್ತಿದ ಬಳಿಕ, ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ ಸ್ಮೃತಿಗೆ ಬಂದು ಮೂಲ ಕಡತವ್ಯವಸ್ಥೆಯನ್ನು ತೆರೆಯುತ್ತದೆ. ಅನಂತರ ಸೇವೆಗಳು ಒಂದೊಂದಾಗಿ ಎದ್ದು ತಮ್ಮ ಸಿದ್ಧತೆಗಳನ್ನು ಮಾಡಿಕೊಳ್ಳುತ್ತವೆ. ತೊಡಕು ಇರುವುದು ಇಲ್ಲಿಯೇ. ಏಕೆಂದರೆ ಇವುಗಳಲ್ಲಿ ಹಲವು, ಬರೆಯಲು ಸ್ಥಳವಿದ್ದೇ ಇರುತ್ತದೆಂಬ ನಂಬಿಕೆಯ ಮೇಲೆ ರಚಿತವಾದವು.

ಗಡಿಯಾರದ ಉದಾಹರಣೆಯನ್ನು ನೋಡೋಣ. 2023ರಲ್ಲಿ ಬಂದ ಐದನೆಯ ಮಾದರಿಗಿಂತ ಹಿಂದಿನ ಪೈಗಳಲ್ಲಿ, ವಿದ್ಯುತ್ತು ನಿಂತಾಗಲೂ ನಡೆಯುವ ಗಡಿಯಾರವಿಲ್ಲ. ಆಗಿನ ವೇಳೆಯನ್ನು ಆಗಾಗ ಒಂದು ಕಡತದಲ್ಲಿ ಬರೆದಿಟ್ಟು, ಮುಂದಿನ ಸಲ ಅಲ್ಲಿಂದ ಎಣಿಕೆಯನ್ನು ಪ್ರಾರಂಭಿಸುವುದು ಇದಕ್ಕೆ ಹೂಡಿದ ಉಪಾಯ. ಬರೆಯಲಾಗದ ಯಂತ್ರದಲ್ಲಿ ಈ ಕಡತವು ಕಟ್ಟು ಹಾಕಿದ ದಿನದಲ್ಲಿಯೇ ನಿಂತುಬಿಡುತ್ತದೆ. ಎದ್ದಾಗಲೆಲ್ಲ ಯಂತ್ರಕ್ಕೆ ಅದೇ ದಿನ! ಜಾಲದಿಂದ ಸರಿಯಾದ ವೇಳೆಯನ್ನು ಕೇಳಬಹುದಲ್ಲವೆ? ಕೇಳಬೇಕಾದರೆ ವೇಳೆ ತಿಳಿಸುವ ಯಂತ್ರದ ಹೆಸರನ್ನು ವಿಳಾಸವಾಗಿ ಮಾರ್ಪಡಿಸಬೇಕು. ಆ ಮಾರ್ಪಾಟನ್ನು ಮಾಡಿಕೊಡುವವರು ಯಾರೆಂಬುದನ್ನು ಜಾಲದ ಸೇವೆಯು ಪ್ರಾರಂಭದಲ್ಲಿ ತಿಳಿದುಕೊಂಡು, ‘ಎಟ್ಸಿ’ ಎಂಬ ಕೋಶದ ಕಡತವೊಂದರಲ್ಲಿ ಬರೆಯುವ ವಾಡಿಕೆಯಿದೆ. ಅಲ್ಲಿಯೂ ಬರೆಯುವಂತಿಲ್ಲ, ವೇಳೆ ತಿದ್ದದೆ ಉಳಿಯುತ್ತದೆ. ಮುಂದೆ ಸುರಕ್ಷಿತ ತಾಣವೊಂದನ್ನು ಸಂಪರ್ಕಿಸಹೋದಾಗ, ಅದರ ಪ್ರಮಾಣಪತ್ರದ ಅವಧಿಯು ಇನ್ನೂ ಪ್ರಾರಂಭವೇ ಆಗಿಲ್ಲವೆಂದು ಯಂತ್ರವು ಅದನ್ನು ತಿರಸ್ಕರಿಸಬಹುದು. ನೋಡುವವನಿಗೆ ಕಾಣುವುದು ಪ್ರಮಾಣಪತ್ರದ ದೋಷ. ಕಾರಣವಾದರೋ, ಬಹು ಹಿಂದೆಯೇ ಬರೆಯದೆ ಉಳಿದ ಒಂದು ಸಾಲು.

ಇದಕ್ಕಿಂತಲೂ ಗಂಭೀರವಾದುದು ಸದ್ದಿಲ್ಲದ ತಪ್ಪು. ಮಳೆಯ ಪ್ರಮಾಣವನ್ನು ಸರಿಯಾಗಿಯೇ ಅಳೆದು, ತಪ್ಪು ದಿನಾಂಕವನ್ನು ಹಾಕಿದ ದಾಖಲೆಯು ಮೇಲ್ನೋಟಕ್ಕೆ ಸರಿಯಾದ ದಾಖಲೆಯಂತೆಯೇ ಇರುತ್ತದೆ. ಗುಪ್ತಲಿಪಿಯ ವಿಷಯವೂ ಹೀಗೆಯೇ. ಊಹೆಗೆ ನಿಲುಕದ ಅಂಕಿಗಳನ್ನು ಪಡೆಯಲು ನೆರವಾಗುವ ಬೀಜಾಂಕವೊಂದನ್ನು ಯಂತ್ರವು ಆರುವ ಮೊದಲು ಉಳಿಸಿಡುತ್ತದೆ. ಉಳಿಸಲಾಗದಿದ್ದರೆ ಪ್ರತಿಸಲವೂ ಹಳೆಯ ಬೀಜವೇ ಗತಿ. ಆರಂಭಕಾಲದಲ್ಲಿ ಇಂಥ ಯಾದೃಚ್ಛಿಕತೆ ಸಾಲದೆ ಬಂದುದರಿಂದ, ಬೇರೆಬೇರೆ ಸಾಧನಗಳು ಒಂದೇ ಗುಪ್ತಕೀಲಿಯನ್ನು ಹೊಂದಿದ್ದುದನ್ನು 2012ರಲ್ಲಿ ಸಂಶೋಧಕರು ಬಯಲಿಗೆ ತಂದರು.

ಹಾಗಾದರೆ ಪರಿಹಾರವೇನು? ಶಾಸನದ ಮೇಲೆ ತೆಳುವಾದೊಂದು ಗಾಜನ್ನಿಟ್ಟು, ಆ ಗಾಜಿನ ಮೇಲೆ ಬರೆಯುವುದನ್ನು ಕಲ್ಪಿಸಿಕೊಳ್ಳಿ. 2014ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ ಕರ್ನಲಿನ 3.18ನೆಯ ಆವೃತ್ತಿಯಲ್ಲಿ ಸೇರಿದ ‘ಓವರ್‌ಲೇ’ ವ್ಯವಸ್ಥೆಯು ಮಾಡುವುದು ಇದನ್ನೇ. ಕೆಳಗಿನ ಪದರವು ಕಾರ್ಡಿನಲ್ಲಿ ಅಚಲವಾಗಿರುತ್ತದೆ. ಮೇಲಿನ ಪದರವನ್ನು ಯಂತ್ರದ ಚಲಸ್ಮೃತಿಯಲ್ಲಿ ಇಡಬಹುದು. ಕಡತವನ್ನು ತಿದ್ದಹೊರಟಾಗ ಅದರ ಪ್ರತಿಯು ಮೇಲಿನ ಪದರಕ್ಕೆ ಬಂದು, ತಿದ್ದುಪಡಿಯು ಅಲ್ಲಿಯೇ ನಡೆಯುತ್ತದೆ. ಓದುವವರಿಗೆ ಎರಡೂ ಪದರಗಳು ಒಂದೇ ಆಗಿ ತೋರುತ್ತವೆ. ಆದರೆ ಸೇವೆಗಳು ಏಳುವುದಕ್ಕೆ ಮುಂಚೆಯೇ ಈ ಪದರವನ್ನು ಹಾಸಿರಬೇಕು.

ಹೆಸರಿನ ತೊಡಕು ಇದರಿಂದ ಬಗೆಹರಿಯಿತು. ಜಾಲವಿದ್ದಲ್ಲಿ ವೇಳೆಯನ್ನೂ ತಿದ್ದಿಕೊಳ್ಳಬಹುದು. ಆದರೆ ವಿದ್ಯುತ್ತು ಹೋದೊಡನೆ ಮೇಲಿನ ಪದರವು ಅಳಿಸಿಹೋಗುವುದರಿಂದ, ಜಾಲವಿಲ್ಲದೆಡೆ ಗಡಿಯಾರವು ಮತ್ತೆ ಹಿಂದಕ್ಕೇ ಬೀಳುತ್ತದೆ. ಆದುದರಿಂದ ಯಂತ್ರವನ್ನು ಅಣಿಗೊಳಿಸುವವರು ಮೂರು ಬಗೆಗಳನ್ನು ಮೊದಲೇ ವಿಂಗಡಿಸಬೇಕು. ಎಂದಿಗೂ ಬದಲಾಗದುದು ಶಾಸನದಲ್ಲಿರಲಿ. ಯಂತ್ರವು ಎಚ್ಚರವಾಗಿರುವಷ್ಟು ಕಾಲ ಮಾತ್ರ ಬೇಕಾದುದು ಚಲಸ್ಮೃತಿಯಲ್ಲಿರಲಿ. ಬದಲಾಗುತ್ತಲೂ ಉಳಿಯಬೇಕಾದ ಅಳತೆಗಳಿಗೂ ಬೀಜಾಂಕಕ್ಕೂ ಬರೆಯಬಲ್ಲ ಬೇರೊಂದು ವಿಭಾಗವನ್ನೂ, ವೇಳೆಗೆ ಬ್ಯಾಟರಿಯ ಗಡಿಯಾರವನ್ನೂ ಒದಗಿಸಬೇಕು. ಯಾವುದನ್ನು ಮರೆಯಬಹುದು, ಯಾವುದನ್ನು ಮರೆಯಬಾರದು ಎಂಬ ನಿರ್ಣಯವನ್ನು ಯಂತ್ರವು ತಾನಾಗಿ ಮಾಡಲಾರದು. ಅದು ನಮ್ಮ ಹೊಣೆ.